ಕೊಳಕು ಮಂಡಲದ ಸಾಕ್ಷಿ

ಔರಾದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಹಾವು ಕಚ್ಚಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಹುಳ ಮುಟ್ಟಿತು' ಎನ್ನುತ್ತಾರೆ. ಹೆಸರು ಹಿಡಿದರೆ ಕೇಳಿಸಿಕೊಂಡು ಬಂದೀತೆಂಬ ಭಯ. ಹೆಸರು ಹಿಡಿಯಬಾರದ ಇನ್ನೊಂದು ಸಂಗತಿಯೂ ಇತ್ತು. ಗಂಡಸರು ಅದನ್ನು ಗರ್ಮಿ ಎನ್ನುತ್ತಿದ್ದರು. ಹದಿನಾರನೆಯ ಶತಮಾನದ ವೈದ್ಯಗ್ರಂಥ ಭಾವಪ್ರಕಾಶದಲ್ಲಿ ಅದಕ್ಕೆ ಫಿರಂಗ ರೋಗವೆಂದು ಹೆಸರು, ಪರಂಗಿಯವರ ಜೊತೆ ಬಂದದ್ದೆಂದು. ದವಾಖಾನೆಯ ಕಾಗದದಲ್ಲಿ ಸಿಫಿಲಿಸ್. ನಮ್ಮ ಹೆಂಗಸರು ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು 'ಆ ಬ್ಯಾನಿ' ಎಂದಷ್ಟೇ ಹೇಳುತ್ತಿದ್ದರು.

ಹೆಸರಿಲ್ಲದ ಈ ಎರಡೂ ಒಂದೇ ಹೆಣ್ಣುಮಗಳ ಫೈಲಿನಲ್ಲಿ ಬಂದು ಕುಳಿತದ್ದನ್ನು ನಾನು 1998ರಲ್ಲಿ ಕಂಡೆ. ಒಂದು ಆಕೆಯ ಮೇಲೆ ಹೊರಿಸಿದ ಕಳಂಕವಾಗಿ, ಇನ್ನೊಂದು ಆ ಕಳಂಕ ಕಳೆಯಲು ಬಂದ ಸಾಕ್ಷಿಯಾಗಿ. ಅದನ್ನು ಹೇಳುವ ಮುಂಚೆ ನಮ್ಮ ಕಾಕಿಯ ಕಾಲಿನ ವಿಷಯ ಹೇಳಬೇಕು.

1979ರ ಮಳೆಗಾಲ. ಪಂಚಮಿಗೆ ಇನ್ನು ನಾಲ್ಕು ದಿನ. ಕಾಕಿ ಉದ್ದಿನ ಹೊಲದಲ್ಲಿ ಸದಿ ತೆಗೆಯುತ್ತಿದ್ದಳು. ಕಳೆಗೆ ನಮ್ಮ ಕಡೆ ಸದಿ ಎನ್ನುತ್ತಾರೆ. ಬರಿಗಾಲು, ಕೈಯಲ್ಲಿ ಖುರಪಿ. 'ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂಗ ಬುಸ್ ಅಂತು' ಎಂದು ಆಕೆ ಈಗಲೂ ಹೇಳುತ್ತಾಳೆ. ಮೈಮೇಲೆ ಸಾಲಾಗಿ ಕಂದು ಮಚ್ಚೆಗಳಿದ್ದ ದಪ್ಪನೆಯ ಹಾವು. ಕನ್ನಡದಲ್ಲಿ ಕೊಳಕು ಮಂಡಲ. ನಮ್ಮ ಗಡಿಯ ಊರುಗಳಲ್ಲಿ ಮರಾಠಿಯ ಘೋಣಸ ಎಂಬ ಹೆಸರೇ ರೂಢಿ. ಕಚ್ಚಿದ ಜಾಗ ಕೊಳೆಯುತ್ತದೆ, ಅದಕ್ಕೇ ಕೊಳಕು ಎಂದು ತಿಳಿದವರು ಹೇಳುತ್ತಾರೆ.

ಮನೆಯವರು ಮೊಣಕಾಲಿನ ಕೆಳಗೆ ಹಗ್ಗವನ್ನು ಬಿಗಿಯಾಗಿ ಬಿಗಿದರು. ಹನುಮಂತ ದೇವರ ಗುಡಿಯಲ್ಲಿ ಮಲಗಿಸಿದರು. ಬೇವಿನ ಎಲೆ ತಿನ್ನಿಸಿ ಕಹಿ ಹತ್ತುತ್ತದೋ ಇಲ್ಲವೋ ಎಂದು ಕೇಳಿದರು. ಯಾರೋ ಬ್ಲೇಡಿನಿಂದ ಕಚ್ಚಿದ ಜಾಗವನ್ನು ಕೊಯ್ದರು. ಆ ರಕ್ತ ನಿಲ್ಲಲೇ ಇಲ್ಲ. ಬೆಳಗಿನ ಜಾವ ವಸಡಿನಿಂದಲೂ ರಕ್ತ ಬರತೊಡಗಿದಾಗ ಗಾಡಿ ಕಟ್ಟಿ ಔರಾದಕ್ಕೆ, ಅಲ್ಲಿಂದ ಬೀದರಕ್ಕೆ ತಂದರು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಜೀವ ಉಳಿಸಿತು. ಕಾಲು ಉಳಿಯಲಿಲ್ಲ ಎನ್ನಲಾಗದು, ಉಳಿಯಿತು ಎಂದೂ ಅನ್ನಲಾಗದು. ನೀರುಗುಳ್ಳೆ ಎದ್ದು, ಚರ್ಮ ಕಪ್ಪಾಗಿ, ಮಾಂಸ ಕಳಚಿ ಬಂತು. ಮೂರು ಬೆರಳು ತೆಗೆದರು, ತೊಡೆಯ ಚರ್ಮ ತೆಗೆದು ಕಾಲಿಗೆ ಹಚ್ಚಿದರು. ಎರಡೂವರೆ ತಿಂಗಳ ಮೇಲೆ ಮನೆಗೆ ಬಂದಾಗ ಹಿಮ್ಮಡಿ ನೆಲಕ್ಕೆ ಹತ್ತುತ್ತಿರಲಿಲ್ಲ. ಅಂದಿನಿಂದ ಕಾಕಿ ಸೀರೆಯನ್ನು ನೆಲ ಬಳಿಯುವಷ್ಟು ಇಳಿಸಿ ಉಡುತ್ತಾಳೆ.

ಇಂಜೆಕ್ಷನ್ ಕೊಟ್ಟ ಮೇಲೂ ಕಾಲು ಏಕೆ ಕೊಳೆಯಿತು ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷ ಕಾಡಿತು. 1895ರ ಹೊತ್ತಿಗೆ ಫ್ರಾನ್ಸಿನ ಆಲ್ಬೆರ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಮೊದಲ ಪ್ರತಿವಿಷ ತಯಾರಿಸಿದ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ತೆಗೆಯುವ ಉಪಾಯ ಇಂದಿಗೂ ಅದೇ. ನಮ್ಮ ದೇಶದಲ್ಲಿ ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಬಳಿ 1978ರಲ್ಲಿ ಆರಂಭವಾದ ಇರುಳರ ಸಹಕಾರ ಸಂಘದಿಂದ. ಆದರೆ ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆಯೇ ಹೊರತು ಆಗಲೇ ಸತ್ತ ಮಾಂಸವನ್ನು ಬದುಕಿಸುವುದಿಲ್ಲ. ಕೊಳಕು ಮಂಡಲದ ವಿಷದಲ್ಲಿ ಹಲವು ಬಗೆಯ ಕಿಣ್ವಗಳಿವೆ. ಕೆಲವು ಸಣ್ಣ ರಕ್ತನಾಳಗಳ ಗೋಡೆಯನ್ನೇ ಬಿಡಿಸುತ್ತವೆ. ಇನ್ನು ಕೆಲವು ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬನ್ನು ಒಡೆಯುತ್ತವೆ. ಈ ಕೊಬ್ಬಿನ ಹೆಸರು ಸ್ವಲ್ಪ ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಹಗ್ಗ ಬಿಗಿದರೆ ಕಾಲಿಗೆ ರಕ್ತ ಹೋಗದೆ ಕೊಳೆಯುವುದು ಇನ್ನೂ ಬೇಗ. ಕಾಕಿಯ ಬೆರಳುಗಳಲ್ಲಿ ಹಾವು ತಿಂದದ್ದೆಷ್ಟು, ಹಗ್ಗ ತಿಂದದ್ದೆಷ್ಟು, ಯಾರು ಹೇಳಬೇಕು?

1984ರಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್ ತರಬೇತಿ ಮುಗಿಸಿ ಬೀದರಿನ ಒಂದು ಆಸ್ಪತ್ರೆಗೆ ಸೇರಿದೆ. ಮಳೆಗಾಲದಲ್ಲಿ ಹಾವಿನ ಕೇಸು ಬಂದರೆ ಮಾಡುವ ಪರೀಕ್ಷೆ ಬಹಳ ಸರಳ. ಚೊಕ್ಕ ಒಣಗಿದ ಹೊಸ ಗಾಜಿನ ನಳಿಗೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಇಡುವುದು. ಆಮೇಲೆ ಓರೆ ಮಾಡಿ ನೋಡುವುದು. ಮೊಸರಿನಂತೆ ಹೆಪ್ಪುಗಟ್ಟಿದ್ದರೆ ಸರಿ. ನೀರಿನಂತೆ ಹರಿದರೆ ಪ್ರತಿವಿಷ ಬೇಕು. ಸೋಪಿನ ಪುಡಿಯಲ್ಲಿ ತೊಳೆದ ನಳಿಗೆಯಾದರೆ ಪರೀಕ್ಷೆ ಕೆಡುತ್ತದೆ. ಈ ಹಾವಿನ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ಒಮ್ಮೆಲೇ ಕೆರಳಿಸಿ ಖರ್ಚು ಮಾಡಿಬಿಡುತ್ತದೆ. ಆಮೇಲೆ ರಕ್ತಕ್ಕೆ ಹೆಪ್ಪಾಗಲು ಏನೂ ಉಳಿಯುವುದಿಲ್ಲ. ಆ ಇಪ್ಪತ್ತು ನಿಮಿಷ ಬಾಗಿಲಲ್ಲಿ ನಿಂತ ತಾಯಂದಿರ ಮುಖ ನೋಡಲಾರದೆ ನಾನು ಗಡಿಯಾರವನ್ನೇ ನೋಡುತ್ತಿದ್ದೆ.

ನನ್ನ ದಿನನಿತ್ಯದ ಕೆಲಸ ಬೇರೆ. ಬಸುರಿಯರ ರಕ್ತ. ಹಿಮೋಗ್ಲೋಬಿನ್, ಗುಂಪು, ಮತ್ತೆ ವಿ.ಡಿ.ಆರ್.ಎಲ್. ನಿಮ್ಮಲ್ಲಿ ಹೆತ್ತವರೆಲ್ಲರ ಚೀಟಿಯಲ್ಲೂ ಈ ನಾಲ್ಕು ಅಕ್ಷರ ಇದ್ದೇ ಇರುತ್ತದೆ. ಏನೆಂದು ಯಾರೂ ಹೇಳಿರಲಿಕ್ಕಿಲ್ಲ. ಅದು ಸಿಫಿಲಿಸ್ ಪರೀಕ್ಷೆ. ತಾಯಿಗೆ ಆ ರೋಗವಿದ್ದು ಗೊತ್ತಾಗದೆ ಹೋದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ರೋಗ ಹೊತ್ತೇ ಹುಟ್ಟಬಹುದು. ಗೊತ್ತಾದರೆ ಪೆನಿಸಿಲಿನ್ ಸಾಕು. ಆದ್ದರಿಂದ ಪರೀಕ್ಷೆ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ರಕ್ತದ ತಿಳಿಯನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಗಾಜಿನ ಫಲಕದ ವೃತ್ತದೊಳಗೆ ಒಂದು ಹನಿ ಹಾಕಿ, ಮೇಲೆ ಆಂಟಿಜೆನ್ ಹನಿ ಬಿಟ್ಟು, ನಾಲ್ಕು ನಿಮಿಷ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹನಿ ನಯವಾಗಿದ್ದರೆ ರೋಗವಿಲ್ಲ. ಒಡೆದ ಹಾಲಿನಂತೆ ಕಣಕಣವಾದರೆ 'ರಿಯಾಕ್ಟಿವ್'.

1998ರಲ್ಲಿ ಭಾಲ್ಕಿ ಕಡೆಯ ಒಬ್ಬ ಹೆಣ್ಣುಮಗಳ ಹನಿ ಹೀಗೆ ಒಡೆಯಿತು. ಇಪ್ಪತ್ತನಾಲ್ಕು ವಯಸ್ಸು. ಮೂರು ಗರ್ಭ ಹೋಗಿದ್ದವು, ಮೂರನೆಯದು ಐದನೆಯ ತಿಂಗಳಲ್ಲಿ. ಸತ್ವ ಹೆಚ್ಚಿರಲಿಲ್ಲ, ರಕ್ತದ ತಿಳಿಯನ್ನು ನಾಲ್ಕು ಪಾಲು ತೆಳುವು ಮಾಡಿದರೆ ಅಲ್ಲಿಗೆ ಮುಗಿಯುತ್ತಿತ್ತು. ಗಂಡನ ರಕ್ತವನ್ನೂ ತರಿಸಿದರು. ಅದು ನಯವಾಗಿತ್ತು. ಕಾಗದ ಹಂಚುವವನು ಓಣಿಯಂಥ ಆ ಕಾರಿಡಾರಿನಲ್ಲಿ ಹತ್ತು ಜನರ ಮುಂದೆ ಓದಿ ಹೇಳಿದ. ಅತ್ತೆ ಕೇಳಿದ ಮಾತು ನನ್ನ ಕಿಟಕಿಗೂ ಕೇಳಿಸಿತು: 'ನನ್ನ ಮಗನ ರಕ್ತ ಚೊಕ್ಕ ಅದ. ಹಂಗಾರ ಇಕಿಗಿ ಎಲ್ಲಿಂದ ಬಂತು?'

ಆ ಪರೀಕ್ಷೆ ಸುಳ್ಳು ಹೇಳುವುದುಂಟು ಎಂದು ನನ್ನ ತರಬೇತಿಯ ಪುಸ್ತಕದಲ್ಲೇ ಇತ್ತು. ಮಲೇರಿಯಾ, ಕುಷ್ಠ, ಕೆಲವೊಮ್ಮೆ ಬರೀ ಬಸುರಿನಿಂದಲೂ ಹನಿ ಒಡೆಯುತ್ತದೆ. ಎದ್ದು ಹೋಗಿ ಹೇಳಬಹುದಿತ್ತು. ಹೇಳುವುದು ಡಾಕ್ಟರರ ಕೆಲಸ, ನನ್ನದಲ್ಲ ಎಂದುಕೊಂಡು ಮುಂದಿನ ನಳಿಗೆ ಎತ್ತಿಕೊಂಡೆ. ಆಕೆಯನ್ನು ತವರಿಗೆ ಕಳಿಸಿದರೆಂದು ಆಮೇಲೆ ತಿಳಿಯಿತು.

ಈ ಪರೀಕ್ಷೆಯ ವಂಶಾವಳಿ ವಿಚಿತ್ರವಾಗಿದೆ. 1906ರಲ್ಲಿ ಬರ್ಲಿನ್ನಿನ ವಾಸರ್‌ಮನ್ ಮತ್ತು ಸಂಗಡಿಗರು ಮೊದಲ ರಕ್ತ ಪರೀಕ್ಷೆ ಕಂಡುಹಿಡಿದರು. ಸಿಫಿಲಿಸ್‌ನಿಂದ ಸತ್ತ ಶಿಶುವಿನ ಯಕೃತ್ತಿನ ರಸದ ಜೊತೆ ರೋಗಿಯ ರಕ್ತವನ್ನು ಕೂಡಿಸಿ ನೋಡುವುದು. ಶಿಶುವಿನ ಯಕೃತ್ತಿನಲ್ಲಿ ರೋಗಾಣು ತುಂಬಿದೆ, ರಕ್ತ ಅದನ್ನು ಗುರುತಿಸುತ್ತಿದೆ ಎಂದು ಅವರ ನಂಬಿಕೆ. ಒಂದು ವರ್ಷದೊಳಗೆ ರೋಗವೇ ಇಲ್ಲದ ಅಂಗದ ರಸದಿಂದಲೂ ಪರೀಕ್ಷೆ ನಡೆಯುತ್ತದೆಂದು ಗೊತ್ತಾಯಿತು. ಎಂದರೆ ಪರೀಕ್ಷೆ ರೋಗಾಣುವನ್ನು ನೋಡುತ್ತಲೇ ಇರಲಿಲ್ಲ! 1941ರಲ್ಲಿ ಅಮೆರಿಕದ ಮೇರಿ ಪ್ಯಾಂಗ್‌ಬಾರ್ನ್ ಎಂಬ ಹೆಣ್ಣುಮಗಳು ದನದ ಹೃದಯದಿಂದ ಅದರ ಮೂಲವಸ್ತುವನ್ನು ಬೇರ್ಪಡಿಸಿ ಕಾರ್ಡಿಯೋಲಿಪಿನ್ ಎಂದು ಹೆಸರಿಟ್ಟಳು. ಅದು ಒಂದು ಫಾಸ್ಫೋಲಿಪಿಡ್. ಹಾವಿನ ವಿಷ ಒಡೆಯುವ ಕೊಬ್ಬಿನ ಕುಲದ್ದೇ. 1946ರಲ್ಲಿ ಅದರಿಂದ ವಿ.ಡಿ.ಆರ್.ಎಲ್. ಹುಟ್ಟಿತು. ನಾನು ದಿನವೂ ಹನಿ ಬಿಡುತ್ತಿದ್ದ ಆಂಟಿಜೆನ್ ಇದೇ. ದನದ ಹೃದಯದ್ದೆಂದು ಮನೆಯಲ್ಲಿ ನಾನು ಯಾರಿಗೂ ಹೇಳಲು ಹೋಗಲಿಲ್ಲ.

ಸಿಫಿಲಿಸ್ ಇಲ್ಲದೆಯೂ ಈ ಕೊಬ್ಬಿನ ವಿರುದ್ಧ ಕೆಲವರ ದೇಹ ಪ್ರತಿಕಾಯ ಹುಟ್ಟಿಸಿಕೊಳ್ಳುತ್ತದೆ. 1952ರಲ್ಲಿ ಮೂರ್ ಮತ್ತು ಮೋರ್ ಎಂಬ ಅಮೆರಿಕದ ವೈದ್ಯರು ವರ್ಷಗಟ್ಟಲೆ ಹೀಗೆ ಸುಳ್ಳು ಫಲಿತಾಂಶ ಕೊಡುವವರನ್ನು ಬೆನ್ನುಹತ್ತಿದರು. ಅವರಲ್ಲಿ ಹೆಂಗಸರೇ ಹೆಚ್ಚು, ಹಲವರಿಗೆ ಮುಂದೆ ಲೂಪಸ್ ಎಂಬ ಕಾಯಿಲೆ. ಅದೇ ವರ್ಷ ಬೇರೆ ಇಬ್ಬರು ವೈದ್ಯರು ಲೂಪಸ್ ರೋಗಿಗಳ ರಕ್ತ ನಳಿಗೆಯಲ್ಲಿ ತಡವಾಗಿ ಹೆಪ್ಪಾಗುವುದನ್ನು ಬರೆದರು. ಈ ಎಳೆಗಳೆಲ್ಲ ಕೂಡಿದ್ದು 1983ರಲ್ಲಿ, ಲಂಡನ್ನಿನ ಗ್ರಹಾಂ ಹ್ಯೂಸ್ ವಿವರಿಸಿದ ಆಂಟಿಫಾಸ್ಫೋಲಿಪಿಡ್ ಕಾಯಿಲೆಯಲ್ಲಿ. ನಳಿಗೆಯಲ್ಲಿ ತಡವಾಗಿ ಹೆಪ್ಪಾಗುವ ಈ ರಕ್ತ ದೇಹದೊಳಗೆ ಮಾತ್ರ ಬೇಡವಾದಲ್ಲಿ ಹೆಪ್ಪುಗಟ್ಟುತ್ತದೆ. ಮಾಸುವಿನಲ್ಲೂ ಹಾಗಾಗುವುದುಂಟು. ಮಗುವಿಗೆ ರಕ್ತ ಸಾಲದೆ ಗರ್ಭ ಹೋಗುತ್ತದೆ. ಒಂದರ ಮೇಲೊಂದು ಗರ್ಭ ಹೋಗುವುದು, ಜೊತೆಗೆ ವಿ.ಡಿ.ಆರ್.ಎಲ್. ರಿಯಾಕ್ಟಿವ್. ನೋಡುವವರಿಗೆ ಅಚ್ಚು ಸಿಫಿಲಿಸ್! ಸುಳ್ಳು ಸಾಕ್ಷಿ ಕೂಡ ಇಷ್ಟು ಚೆನ್ನಾಗಿ ಹೊಂದಿಕೊಂಡರೆ ಯಾವ ಅತ್ತೆ ನಂಬದೆ ಇದ್ದಾಳು?

ಆ ಹೆಣ್ಣುಮಗಳ ಅಣ್ಣ ಮಾಸ್ತರು. ಆತ ಬಿಡಲಿಲ್ಲ. ಇನ್ನೊಬ್ಬ ಡಾಕ್ಟರಬಾಯಿಗೆ ತೋರಿಸಿದ. ಅವರು ರೋಗಾಣುವನ್ನೇ ಗುರುತಿಸುವ ಟಿ.ಪಿ.ಎಚ್.ಎ. ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಹೈದರಾಬಾದಿಗೆ ಹೋಗಿ ರಕ್ತದ ಇನ್ನೊಂದು ಪರೀಕ್ಷೆ ಮಾಡಿಸಿಕೊಂಡು ಬರಲು ಬರೆದರು. ಬೀದರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2007ರಲ್ಲಿ. ಆಗ ಎಲ್ಲದಕ್ಕೂ ಹೈದರಾಬಾದೇ. ಕೆಲವು ವಾರ ಬಿಟ್ಟು ಎರಡನೆಯ ಸಲವೂ ಹೋಗಿಬಂದು, ಆ ಅಣ್ಣ ಕಾಗದ ಹಿಡಿದು ನೇರವಾಗಿ ನನ್ನ ಕಿಟಕಿಗೆ ಬಂದ. 'ಓದ್ರಿ ಅಕ್ಕೋರೆ, ನೀವೇ ಬರೆದಿದ್ರಿ ಮೊದಲಿಂದು' ಎಂದ. ಓದಿದೆ. 'ಡೈಲ್ಯೂಟ್ ರಸೆಲ್ಸ್ ವೈಪರ್ ವೆನಮ್ ಟೈಮ್' ಎಂದಿತ್ತು. ರಸೆಲ್ಸ್ ವೈಪರ್ ಎಂದರೆ ಘೋಣಸ, ಕಾಕಿಯ ಬೆರಳು ತಿಂದ ಹುಳ. ಕಾಗದವನ್ನು ಎರಡು ಸಲ ಓದಿ ಕಿಟಕಿಯಿಂದ ಹೊರಗೆ ಬಂದೆ. ಕ್ಷಮೆ ಕೇಳಲು ಕೆಳಗೆ ಗಿಡದ ನೆರಳಿನಲ್ಲಿ ಕುಳಿತಿದ್ದ ಆಕೆಯ ಹತ್ತಿರ ಹೋದೆ. ಆಕೆ ನನ್ನ ಮುಖ ನೋಡಲಿಲ್ಲ.

ಪರೀಕ್ಷೆ ಹೀಗೆ. ತೀರ ತೆಳುವು ಮಾಡಿದ ಹಾವಿನ ವಿಷವನ್ನು ರೋಗಿಯ ರಕ್ತದ ತಿಳಿಗೆ ಹಾಕುತ್ತಾರೆ. ವಿಷ ಹೆಪ್ಪಿನ ಕೆಲಸವನ್ನು ನಡುದಾರಿಯಿಂದಲೇ ಶುರು ಮಾಡಿಸುತ್ತದೆ. ಮುಂದಿನ ಹೆಜ್ಜೆಗೆ ಸ್ವಲ್ಪ ಫಾಸ್ಫೋಲಿಪಿಡ್ ಬೇಕು. ರಕ್ತದಲ್ಲಿ ಆ ಪ್ರತಿಕಾಯವಿದ್ದರೆ ಅದು ಕೊಬ್ಬನ್ನು ಅಡ್ಡಗಟ್ಟುತ್ತದೆ, ಹೆಪ್ಪು ತಡವಾಗುತ್ತದೆ. ಇನ್ನಷ್ಟು ಕೊಬ್ಬು ಸುರಿದಾಗ ಹೆಪ್ಪು ಸರಿಹೋದರೆ ಕಳ್ಳ ಸಿಕ್ಕಿಬಿದ್ದಂತೆ. 1986ರಲ್ಲಿ ಪೆರುಮಾಳ್ ತ್ಯಾಗರಾಜನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಹಿಂದೆ, 1934ರಲ್ಲಿ, ಲಂಡನ್ನಿನ ಮ್ಯಾಕ್‌ಫಾರ್ಲೇನ್ ಎಂಬ ವೈದ್ಯ ಅಲ್ಲಿಯ ಮೃಗಾಲಯದ ಹಾವುಗಳ ಮೇಲ್ವಿಚಾರಕ ಬಾರ್ನೆಟ್‌ನ ಜೊತೆ ಸೇರಿ, ಇದೇ ವಿಷವನ್ನು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿ ರಕ್ತ ನಿಲ್ಲದ ಹಿಮೋಫೀಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದ.

ಇನ್ನು ಆ ರಸೆಲ್. ಪ್ಯಾಟ್ರಿಕ್ ರಸೆಲ್ ಸ್ಕಾಟ್ಲೆಂಡಿನ ವೈದ್ಯ, 1781ರಲ್ಲಿ ವಿಶಾಖಪಟ್ಟಣಕ್ಕೆ ಬಂದು 1785ರಲ್ಲಿ ಕಂಪನಿ ಸರಕಾರದ ನಿಸರ್ಗ ಶಾಸ್ತ್ರಜ್ಞನಾದವನು. ವಿಷದ ಹಾವು ಯಾವುದು, ನಿರುಪದ್ರವಿ ಯಾವುದು ಎಂದು ಜನರಿಗೆ ಗೊತ್ತಾಗಲಿ ಎಂದು ಹಾವುಗಳನ್ನು ಹಿಡಿಸಿ, ಕೋಳಿ ನಾಯಿಗಳ ಮೇಲೆ ಪರೀಕ್ಷಿಸಿ, 1796ರಲ್ಲಿ ಚಿತ್ರಗಳ ದೊಡ್ಡ ಪುಸ್ತಕ ತಂದ. ಹೆಸರುಗಳನ್ನು ಊರವರ ಬಾಯಿಂದ ಕೇಳಿಯೇ ಬರೆದ. ಈ ಹಾವಿಗೆ ಅವನು ಬರೆದುಕೊಂಡದ್ದು 'ಕಾಟುಕ ರೇಕುಲ ಪೊಡ'. ತೆಲುಗಿನಲ್ಲಿ ಕಾಟುಕ ಎಂದರೆ ನಮ್ಮ ಕಾಡಿಗೆ. ಕಾಡಿಗೆ ಹಚ್ಚಿದ ಕಣ್ಣಿನಂಥ ಮಚ್ಚೆ ಕಂಡವರು ಇಟ್ಟ ಹೆಸರಿರಬೇಕು. ಮರುವರ್ಷವೇ ಶಾಸ್ತ್ರದವರು ಅದನ್ನು ತೆಗೆದು ಹಾವಿಗೆ ರಸೆಲ್‌ನ ಹೆಸರಿಟ್ಟರು. ಕಾಡಿಗೆಯ ಹೆಸರೇ ನನಗೆ ಹೆಚ್ಚು ಇಷ್ಟ.

ಹೆಂಗಸರ ರಕ್ತವನ್ನು ಸರಕಾರ ಲೆಕ್ಕ ಇಡತೊಡಗಿದ್ದು ಇತ್ತೀಚೆಗಲ್ಲ. 1868ರಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯೊಂದನ್ನು ತಂದಿತು. ದಂಡಿನ ಊರುಗಳಲ್ಲಿ ಸೂಳೆಗಾರಿಕೆಯ ಹೆಂಗಸರು ಹೆಸರು ಬರೆಸಬೇಕು, ಕಾಲಕಾಲಕ್ಕೆ ಮೈ ತೋರಿಸಬೇಕು, ರೋಗವಿದ್ದರೆ ಲಾಕ್ ಆಸ್ಪತ್ರೆಯಲ್ಲಿ ಕೂಡಿಹಾಕುವುದು. ಬೆಂಗಳೂರಿನಲ್ಲೂ ನಿಜಾಮರ ರಾಜ್ಯದ ಸಿಕಂದರಾಬಾದಿನಲ್ಲೂ ಅಂಥ ಆಸ್ಪತ್ರೆಗಳಿದ್ದವು. ರೋಗ ತರುವ ಸಿಪಾಯಿಗೆ ಆ ಕಾಟವಿರಲಿಲ್ಲ. 1888ರಲ್ಲಿ ಕಾಯ್ದೆ ಹೋಯಿತು. 1998ರಿಂದ ದೇಶದಲ್ಲೆಲ್ಲ ಏಡ್ಸ್ ರೋಗಾಣುವಿನ ಕಾವಲು ಸಮೀಕ್ಷೆ ನಡೆಯತೊಡಗಿದಾಗ ಮತ್ತೆ ಬಸುರಿಯರ ರಕ್ತವೇ ಬೇಕಾಯಿತು. ವಿ.ಡಿ.ಆರ್.ಎಲ್. ಮಾಡಿ ಉಳಿದ ರಕ್ತವನ್ನು ಹೆಸರು ತೆಗೆದು, ಬರೀ ಸಂಖ್ಯೆ ಬರೆದು, ಒಂದೊಂದು ಕೇಂದ್ರದಿಂದ 400ರಂತೆ ಕಳಿಸುವುದು. ಹೆಸರು ತೆಗೆದರಲ್ಲ, ಅದು ನೂರು ವರ್ಷದ ದೊಡ್ಡ ಸುಧಾರಣೆ. ಆ ಕಾರಿಡಾರಿನ ಮಾತು ಕೇಳಿದವಳಾಗಿ ಹೇಳುತ್ತೇನೆ.

ಹಾವಿನ ವಿಷಯದಲ್ಲಿ ಇದಕ್ಕೆ ತಿರುವುಮುರುವು. ಅಲ್ಲಿ ಯಾರೂ ಲೆಕ್ಕ ಇಡಲೇ ಇಲ್ಲ. ಗುಡಿಯಲ್ಲೋ ದಾರಿಯಲ್ಲೋ ಸತ್ತವರು ದವಾಖಾನೆಯ ವಹಿಗೆ ಬರುವುದಿಲ್ಲ. ನಮ್ಮ ಜಿಲ್ಲೆಗೆ ಇನ್ನೊಂದು ತೊಡಕೂ ಇದೆ. 1956ರಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಬಂದವು, ಉದಗೀರ ಆಚೆ ಹೋಯಿತು. ಆದರೆ ಹತ್ತಿರದ ದವಾಖಾನೆ ಯಾವ ರಾಜ್ಯದಲ್ಲಿದೆ ಎಂದು ಹಾವು ಕಚ್ಚಿದವರು ನೋಡುತ್ತಾರೆಯೇ? ಔರಾದದ ರೋಗಿ ಉದಗೀರದಲ್ಲಿ ಸತ್ತರೆ ಬೀದರದ ಲೆಕ್ಕಕ್ಕೆ ಬರುವುದು ಹೇಗೆ? ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಮಾಡಿದ ಅಧ್ಯಯನವೊಂದು 2011ರಲ್ಲಿ ಹೊರಬಂದಾಗ, 2005ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 46,000 ಜನ ಹಾವಿನಿಂದ ಸತ್ತಿದ್ದು ತಿಳಿಯಿತು. 2020ರಲ್ಲಿ ಬಂದ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 58,000. ಬಹುಪಾಲು ಹಳ್ಳಿಗಳಲ್ಲಿ, ಮಳೆಗಾಲದಲ್ಲಿ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಸಾರಿತು. ದೇಶದಲ್ಲಿ ಇದು ಮೊದಲು. ಸರಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಕಡಿತವನ್ನೂ ಸಾವನ್ನೂ ವರದಿ ಮಾಡಲೇಬೇಕು. ನನಗೆ ಬಹಳ ಸಂತೋಷವಾಯಿತು. ಆದರೆ ಸಾವಿನ ಸುಮಾರು ಮೂರು ಪಟ್ಟು ಜನ ಕೈಕಾಲು ಕಳೆದುಕೊಂಡೋ ಊನರಾಗಿಯೋ ಉಳಿಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ವರ್ಷ ಪಂಚಮಿಗೆ ಊರಿಗೆ ಹೋದಾಗ ಕಾಕಿಗೆ ಸುದ್ದಿ ಹೇಳಿದೆ.

'ಈಗ ಲೆಕ್ಕ ಬರೀತಾರಂತ? ನಂದು ನಲವತ್ತೈದು ವರ್ಷ ಆಯ್ತಲ್ಲ ಯವ್ವಾ, ಬರಕೋತಾರೇನು?'

ಇಲ್ಲ ಎಂದೆ. ಮಾತು ಬದಲಿಸಲು ಭಾಲ್ಕಿಯ ಹೆಣ್ಣುಮಗಳ ಕಥೆ ಹೇಳಿದೆ. ನಾಲ್ಕನೆಯ ಬಸುರಿನಲ್ಲಿ ದಿನಕ್ಕೊಂದು ಸಣ್ಣ ಆಸ್ಪಿರಿನ್ ಗುಳಿಗೆ, ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಚುಚ್ಚುಮದ್ದು ತೆಗೆದುಕೊಂಡು ಆಕೆ ಹೆಣ್ಣು ಹೆತ್ತದ್ದು, ಗಂಡ ಬಂದು ಕರೆದದ್ದು, ಆಕೆ ಒಂದು ವರ್ಷ ತವರಿನಲ್ಲೇ ಇದ್ದು ಆಮೇಲೆ ಹೋದದ್ದು. ನಿನ್ನ ಕಾಲು ತಿಂದ ಹುಳದ ವಿಷವೇ ಆಕೆಯ ಪರವಾಗಿ ಸಾಕ್ಷಿ ನುಡಿಯಿತು ಎಂದೆ. ಕಾಕಿ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಕೇಳಿದಳು. ಬಹಳ ಹೊತ್ತಿನ ಮೇಲೆ, 'ಆಕಿ ಪಾರಾದಳು, ಭೇಶ್ ಆಯ್ತು' ಎಂದಳು. ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಮತ್ತೆ ಅಂದಳು: 'ಹಬ್ಬ ಆದಮ್ಯಾಲ ನಮ್ಮ ಸೊಸಿ ಸದಿಗಿ ಹೋಗ್ತಾಳ. ಬೀದರದಾಗ ಆ ಉದ್ದನೆ ರಬ್ಬರ್ ಬೂಟ್ ಸಿಗ್ತಾವಲ್ಲ, ಒಂದು ಜೋಡ ತಂದುಕೊಡು. ಆಕಿ ಕಾಲಿನ ಅಳತಿ ನಾಕು.'

ಚೌಬಾರಾದ ಸುತ್ತಮುತ್ತ ಐದು ಅಂಗಡಿ ತಿರುಗಿದೆ. ಗಂಡಸರ ಏಳು, ಎಂಟು, ಒಂಬತ್ತು ಎಲ್ಲ ಇತ್ತು. ಹೆಂಗಸರ ಕಾಲಿಗೆ ಬೂಟು ಎಂದಾಗ ಒಬ್ಬ ಅಂಗಡಿಯವ ನಕ್ಕ. ಕೊನೆಗೆ ಆರರ ಒಂದು ಜೋಡಿ ಸಿಕ್ಕಿತು. ಮುಂದೆ ತುರುಕಲು ಹಳೆಯ ನೂಲಿನ ಸೀರೆಯ ಎರಡು ತುಂಡು ಮಡಚಿಟ್ಟು, ಔರಾದದ ಬಸ್ಸಿಗೆ ಕೊಟ್ಟು ಕಳಿಸಿದೆ.